ಮರಿ ಬಿಟ್ಟರೆ ಸಾಕಾ? ಮೊಟ್ಟೆ ಇಡಲು ಜಾಗ ಬೇಡ್ವಾ?

ಪ್ರಶ್ನೆ: ಚೀನಾದ ಯಾಂಗ್ಟ್ಸೆ ನದಿಗೆ ಲಕ್ಷಗಟ್ಟಲೆ ಚೀನೀ ಸ್ಟರ್ಜನ್ ಮೀನಿನ ಮರಿ ಬಿಟ್ಟಿದ್ದಾರಂತೆ. ಆದರೂ ಮೀನು ಯಾಕೆ ಹೆಚ್ಚುತ್ತಿಲ್ಲ? ಇನ್ನೂ ಜಾಸ್ತಿ ಬಿಡಬಹುದಲ್ವಾ?

ಉತ್ತರ: ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಇದೇ ಪ್ರಶ್ನೆ. ಬಿಡಬಹುದು. ಆದರೆ ಆ ಮರಿಗಳು ದೊಡ್ಡವಾಗಿ ವಾಪಸ್ ಬಂದಾಗ ಮೊಟ್ಟೆ ಎಲ್ಲಿ ಇಡಬೇಕು? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹೆಣ್ಣು ಮೊದಲ ಸಲ ಮೊಟ್ಟೆಗೆ ಬರಲು 14 ವರ್ಷವಾದರೂ ಬೇಕು. ಅಲ್ಲಿಯ ತನಕ ಸಮುದ್ರದಲ್ಲಿ ಬದುಕಿ ಉಳಿಯಬೇಕು. ನದಿಗೆ ಬಂದ ಮೇಲೆ ಮೇಯುವುದನ್ನೇ ಬಿಡುತ್ತದೆ. ಮೈಯ ಕೊಬ್ಬು ಕರಗಿಸಿಕೊಂಡು ವರ್ಷಕ್ಕೂ ಜಾಸ್ತಿ ಕಾಯ್ದು, ಮರುವರ್ಷದ ಅಕ್ಟೋಬರ್–ನವೆಂಬರ್‌ನಲ್ಲಿ ಮೊಟ್ಟೆ ಇಡುತ್ತದೆ. ಅಂಟಂಟಾದ ಮೊಟ್ಟೆಗಳು ತಳದ ಕಲ್ಲಿಗೆ ಕಚ್ಚಿಕೊಳ್ಳುತ್ತವೆ. ಸಂದಿಗೆ ಇಳಿದವು ಬದುಕುತ್ತವೆ. ಮೇಲೆ ಉಳಿದದ್ದನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ.

ಮೊದಲೆಲ್ಲ ಇವು ಸಮುದ್ರದಿಂದ ಜಿನ್ಷಾ (ಯಾಂಗ್ಟ್ಸೆಯ ಮೇಲ್ಭಾಗದ ಹೆಸರು) ತನಕ, ಹತ್ತಿರ ಹತ್ತಿರ 3,000 ಕಿ.ಮೀ. ಈಜಿ ಹೋಗುತ್ತಿದ್ದವು. 1981ರಲ್ಲಿ ಯಿಚಾಂಗ್ ನಗರದ ಗೆಝೌಬಾ ಅಣೆಕಟ್ಟೆ ಆ ದಾರಿ ಮುಚ್ಚಿತು. ಮೀನು ಹತ್ತಿ ಹೋಗಲು ದಾರಿಯನ್ನೇ ಬಿಡಲಿಲ್ಲ. ಪಾಪ, ಕಟ್ಟೆಯ ಬುಡದಲ್ಲೇ ಉಳಿದಿದ್ದ ಕೆಲವೇ ಕಿಲೋಮೀಟರ್ ಜಾಗಕ್ಕೆ ಇವು ಒಗ್ಗಿಕೊಂಡವು.

2003ರಿಂದ ಅದರ ಮೇಲ್ಗಡೆ ಇನ್ನೊಂದು ಅಣೆಕಟ್ಟೆಯ, ತ್ರೀ ಗಾರ್ಜಸ್‌ನ, ಜಲಾಶಯ ತುಂಬತೊಡಗಿತು. ಅಷ್ಟು ದೊಡ್ಡ ನೀರಿನ ರಾಶಿ ಬೇಸಿಗೆಯ ಬಿಸಿಯನ್ನು ಬೇಗ ಬಿಡುವುದಿಲ್ಲ. ಕೆಳಗಿನ ನದಿಯೂ ತಡವಾಗಿ ತಣ್ಣಗಾಗುತ್ತದೆ. ನೀರು ಸುಮಾರು 20 ಡಿಗ್ರಿಗೆ ಇಳಿಯದೆ ಈ ಮೀನು ಮೊಟ್ಟೆ ಇಡುವುದಿಲ್ಲ. ತುಂಬಾ ತಡವಾದರೆ ಹೊಟ್ಟೆಯಲ್ಲಿದ್ದ ಮೊಟ್ಟೆ ಅಲ್ಲೇ ಕೆಟ್ಟು ಕರಗಿಹೋಗುತ್ತದೆ. 2013ರಲ್ಲಿ ಆ ಜಾಗದಲ್ಲಿ ಮೊದಲ ಸಲ ಮೊಟ್ಟೆ ಇಟ್ಟ ಗುರುತೇ ಸಿಗಲಿಲ್ಲ. 2017ರಿಂದ ವರ್ಷ ವರ್ಷವೂ ಅದೇ ಕಥೆ.

ಕೈಬೆರಳಿನಷ್ಟು ಮರಿಗಳನ್ನು ಸುರಿದು ಫೋಟೊ ತೆಗೆಸಿಕೊಳ್ಳುವುದು ನನಗೆ ಸಿಟ್ಟು ತರಿಸುತ್ತದೆ. ಬಿಡುವುದಾದರೆ ದೊಡ್ಡ ಮರಿ ಬಿಡಿ, ಗುರುತು ಕಟ್ಟಿ ಬಿಡಿ. ಅದಕ್ಕಿಂತ ಮೊದಲು ಶರತ್ಕಾಲದಲ್ಲಿ ಅಣೆಕಟ್ಟೆಯಿಂದ ಎಷ್ಟು ನೀರು, ಎಷ್ಟು ತಣ್ಣಗಿನ ನೀರು, ಯಾವಾಗ ಹೋಗಬೇಕು ಅನ್ನುವುದನ್ನು ಮೀನಿನ ಲೆಕ್ಕದಲ್ಲಿ ತೀರ್ಮಾನಿಸಿ. ಕಲ್ಲಿನ ತಳವನ್ನು ಹೂಳು ಮುಚ್ಚದಂತೆ ನೋಡಿಕೊಳ್ಳಿ. ಇದು ಆಗದೆ ಎಷ್ಟು ಮರಿ ಬಿಟ್ಟರೂ ನದಿಯಲ್ಲಿ ಹುಟ್ಟುವ ಮುಂದಿನ ಪೀಳಿಗೆ ಇರುವುದಿಲ್ಲ.

ಪ್ರಶ್ನೆ: ಈಗಲಾದರೂ ಗೆಝೌಬಾಕ್ಕೆ ಮೀನೇಣಿ (ಮೀನು ಅಣೆಕಟ್ಟೆ ಹತ್ತಿ ದಾಟಲು ಮೆಟ್ಟಿಲು ಮೆಟ್ಟಿಲಾದ ನೀರಿನ ದಾರಿ) ಕಟ್ಟಬಹುದಲ್ಲ?

ಉತ್ತರ: ನೂರಾರು ಕಿಲೋ ತೂಗುವ ಮೀನು ಸಾಲ್ಮನ್ ಥರ ಮೆಟ್ಟಿಲು ಹಾರುವುದಿಲ್ಲ, ಹತ್ತಿದರೂ ಸುಮಾರು 40 ಕಿ.ಮೀ. ಮೇಲೆ ತ್ರೀ ಗಾರ್ಜಸ್ ಎಂಬ ಇನ್ನೊಂದು ಗೋಡೆ ನಿಂತಿದೆ.

ಪ್ರಶ್ನೆ: ಡೈನೋಸಾರ್ ಕಾಲ ದಾಟಿ ಬಂದ ಕುಲ ಇದು, ಹೇಗಾದರೂ ಉಳಿಯುತ್ತದೆ ಅಲ್ವಾ?

ಉತ್ತರ: ಅಷ್ಟೇ ಹಳೆಯ ನೆಂಟ ಚೀನೀ ಪ್ಯಾಡಲ್‌ಫಿಶ್ ಇದೇ ನದಿಯಲ್ಲಿತ್ತು, ಅದು ಅಳಿದಿದೆ ಎಂದು 2022ರಲ್ಲಿ ಐಯುಸಿಎನ್ (ಜೀವಿಗಳ ಅಳಿವು-ಉಳಿವಿನ ಪಟ್ಟಿ ಇಡುವ ಅಂತರರಾಷ್ಟ್ರೀಯ ಸಂಸ್ಥೆ) ಘೋಷಿಸಿತು.

ಪ್ರಶ್ನೆ: ಸ್ಟರ್ಜನ್ ಮೃದು ಎಲುಬಿನ ಪುಡಿ ಕ್ಯಾನ್ಸರ್‌ಗೆ ಮದ್ದಂತೆ, ಹೌದಾ?

ಉತ್ತರ: ಅಲ್ಲ. ಶಾರ್ಕ್‌ನ ಮೃದು ಎಲುಬಿನ ಹೆಸರಲ್ಲಿ ಇದೇ ಸುಳ್ಳು ಮಾರಿದರು, ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಮಾರುವವನು ಮೋಸಗಾರ. ಆ ಪುಡಿ ನಂಬಿ ಚಿಕಿತ್ಸೆ ನಿಲ್ಲಿಸಿದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ.