ಮರಳುಗಾಡಿನ ಸಫಾರಿ: ಗಾಡಿ ಎಲ್ಲಿ ಓಡಬೇಕು?

ಪ್ರಶ್ನೆ: ದುಬೈಗೆ ಹೊರಟಿದ್ದೇವೆ. ವನ್ಯಜೀವಿಗಳಿಗೆ ತೊಂದರೆಯಾಗದಂಥ ಸಫಾರಿ ಆರಿಸಿಕೊಳ್ಳುವುದು ಹೇಗೆ?

ಉತ್ತರ: ದರಕ್ಕಿಂತ ಮೊದಲು ಜಾಗ ಯಾವುದೆಂದು ಕೇಳಿ. ದುಬೈ ಮರುಭೂಮಿ ಸಂರಕ್ಷಣಾ ಮೀಸಲು ಸುಮಾರು 225 ಚದರ ಕಿ.ಮೀ. ಇದೆ, ಐಷಾರಾಮಿ ಅಲ್ ಮಹಾ ರೆಸಾರ್ಟ್ ಅದರೊಳಗೇ ಇದೆ. ಅಲ್ಲಿ ಅನುಮತಿ ಪಡೆದ ಸಂಸ್ಥೆಗಳ ಗಾಡಿಗಳಿಗಷ್ಟೇ ಪ್ರವೇಶ, ಅದೂ ಗೊತ್ತುಪಡಿಸಿದ ಹಾದಿಯಲ್ಲಿ. ಕಂಡ ದಿಬ್ಬವನ್ನೆಲ್ಲ ಹತ್ತಿಸುವ ಚಾಲಕ ಬೇಡವೇ ಬೇಡ. ಚಕ್ರದಡಿ ಹಲ್ಲಿಗಳ ಬಿಲ ಕುಸಿಯುತ್ತದೆ, ಘಾಫ್ ಸಸಿ ಮುರಿಯುತ್ತದೆ (ಘಾಫ್ ಎಂದರೆ ದಸರೆಯಲ್ಲಿ ನಾವು ಪೂಜಿಸುವ ಬನ್ನಿಯೇ!).

ನಿಸರ್ಗದಲ್ಲಿ 1970ರ ದಶಕದಲ್ಲಿ ಅಳಿದು, ಸಾಕಿ ಬೆಳೆಸಿ ಮರಳಿ ಬಿಟ್ಟ ಅರೇಬಿಯನ್ ಒರಿಕ್ಸ್ (ಉದ್ದ ಕೊಂಬಿನ, ಜಿಂಕೆಯಂಥ ಬಿಳಿ ಪ್ರಾಣಿ) ಅಲ್ಲಿ ಕಾಣುತ್ತದೆ. ಬೇಲಿಯೊಳಗೆ ಅವುಗಳ ಸಂಖ್ಯೆ ಏರಿದರೆ ಗಿಡಗಂಟಿ ಬೋಳಾಗುತ್ತದೆ. ಅದಕ್ಕೇ ಸಿಬ್ಬಂದಿ ಮೇವು ಹಾಕುತ್ತಾರೆ. ನೀವು ಏನನ್ನೂ ತಿನ್ನಿಸಬೇಡಿ, ಗಾಡಿಯಿಂದ ಇಳಿದು ಹತ್ತಿರ ಹೋಗಲೂಬೇಡಿ.