ಹಳೇ ಕಲ್ಲಿನ ಸೇತುವೆ ನಿಂತಿದೆ, ಕಾಂಕ್ರೀಟಿನದು ಯಾಕೆ ಬಿತ್ತು?

ಶ್ರೀರಂಗಪಟ್ಟಣದ 1804ರ ವೆಲ್ಲೆಸ್ಲಿ ಸೇತುವೆ ಇನ್ನೂ ನಿಂತಿದೆ, ಕಾರವಾರದ ಹಳೇ ಕಾಳಿ ಸೇತುವೆ ಸುಮಾರು 40 ವರ್ಷಕ್ಕೇ 2024ರಲ್ಲಿ ಬಿತ್ತು, ಈಗಿನ ಕೆಲಸವೇ ಕಳಪೆಯಾ ಅಂತ ಕೇಳಿದ್ದೀರಿ. ಅಷ್ಟು ಸುಲಭವಲ್ಲ. ಕಲ್ಲಿನ ಕಂಬದೊಳಗೆ ತುಕ್ಕು ಹಿಡಿಯಲು ಸರಳುಗಳಿಲ್ಲ. ಕಾಂಕ್ರೀಟಿನಲ್ಲಿ ಇವೆ. ಕಾಳಿಯದೇ ಕಾರಣ ಇದು ಅಂತ ಹೇಳುತ್ತಿಲ್ಲ, ಆದರೆ ಕಡಲ ಪಕ್ಕದಲ್ಲಿ ಉಪ್ಪಿನಂಶ ನಿಧಾನವಾಗಿ ಒಳಗಿಳಿದು ಸರಳಿಗೆ ತಾಗಿದರೆ ತುಕ್ಕು ಶುರು, ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು, ಹಾಗಾಗಿ ಕಾಂಕ್ರೀಟ್ ಒಳಗಿಂದಲೇ ಸೀಳುತ್ತದೆ. ಸುಮ್ನೆ ಮೇಲೆ ಸಿಮೆಂಟ್ ಬಳಿದರೆ ತುಕ್ಕು ನಿಲ್ಲುವುದಿಲ್ಲ. ಸಡಿಲಾದದ್ದನ್ನು ಕೆತ್ತಿ ತೆಗೆದು, ಸರಳು ಉಜ್ಜಿ, ಸವೆದಲ್ಲಿ ಹೊಸದು ಜೋಡಿಸಿ ಆಮೇಲೆ ಮುಚ್ಚಬೇಕು. ಇನ್ನೊಂದು, ಬಿದ್ದುಹೋದ ಕಲ್ಲಿನ ಸೇತುವೆಗಳು ನಮ್ಮ ಲೆಕ್ಕಕ್ಕೇ ಬರುವುದಿಲ್ಲ ಅಲ್ವಾ? ಶ್ರೀರಂಗಪಟ್ಟಣದಲ್ಲೂ ಹೆದ್ದಾರಿಯ ಲಾರಿಗಳ ಭಾರವನ್ನು ಬೇರೆ ಸೇತುವೆ ಹೊರುತ್ತಿದೆ.