ಮ್ಯಾಗ್ನ ಕಾರ್ಟವನ್ನು ಲ್ಯಾಮಿನೇಟ್ ಮಾಡಬಾರದೇ?

ಪ್ರಶ್ನೆ: ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೇನೆ. ಇಂಗ್ಲೆಂಡಿನ ದೊರೆ ಜಾನ್ 1215ರಲ್ಲಿ ಕೊಟ್ಟ ಹಕ್ಕುಗಳ ಸನ್ನದು ಮ್ಯಾಗ್ನ ಕಾರ್ಟ ಚರ್ಮದ ಮೇಲೆ ಬರೆದದ್ದಂತೆ. 800 ವರ್ಷ ಅದು ಹೇಗೆ ಉಳಿಯಿತು ಸರ್? ಲ್ಯಾಮಿನೇಟ್ ಮಾಡಿಟ್ಟರೆ ಇನ್ನೂ ಭದ್ರ ಅಲ್ವಾ?

ಉತ್ತರ: ಲ್ಯಾಮಿನೇಷನ್ ಬೇಡವೇ ಬೇಡಮ್ಮ. ಅದು ಕುರಿಯ ಚರ್ಮ. ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿದ್ದು. ಬಿಸಿ ತಗುಲಿದರೆ ಮುದುಡುತ್ತದೆ. ಗಾಳಿಯ ತೇವ ಹೆಚ್ಚುಕಡಿಮೆಯಾದರೆ ಹಿಗ್ಗಿ ಕುಗ್ಗಿ, ಮಸಿ ಪುಡಿಯಾಗಿ ಉದುರಬಹುದು. ಆ ಮಸಿ ಓಕ್ ಮರದ ಗಂಟಿನ ರಸಕ್ಕೆ ಕಬ್ಬಿಣದ ಉಪ್ಪು ಬೆರೆಸಿ ಮಾಡಿದ್ದು. ನಮ್ಮಲ್ಲಿ ಅಳಲೆಕಾಯಿಗೆ ಅನ್ನಭೇದಿ ಹಾಕಿ ಮಾಡುತ್ತಿದ್ದ ಮಸಿಯ ಹಾಗೇ. ಹಾಗಾಗಿ ತಂಪು, ಮಂದ ಬೆಳಕು, ಒಂದೇ ಸಮನಾದ ತೇವ, ಇಷ್ಟು ಕೊಟ್ಟು ಸುಮ್ನೆ ಬಿಡಬೇಕು.

ಜಾಸ್ತಿ ಕೈ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ಮ್ಯಾಗ್ನ ಕಾರ್ಟವೇ ಸಾಕ್ಷಿ. 1215ರ ಪ್ರತಿಗಳಲ್ಲಿ ಈಗ ಉಳಿದಿರುವುದು ನಾಲ್ಕು. ಎರಡು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಒಂದು ಲಿಂಕನ್ ಚರ್ಚಿನದು, ಇನ್ನೊಂದು ಸಾಲ್ಸ್‌ಬರಿ ಚರ್ಚಿನದು. ಲಂಡನ್ನಿನ ಒಂದು ಪ್ರತಿ 1731ರ ಬೆಂಕಿಗೆ ಸಿಕ್ಕಿತು. ಆದರೂ ಅಕ್ಷರ ಓದಲು ಬರುತ್ತಿತ್ತು. 1733ರಲ್ಲಿ ಕೆತ್ತನೆಗಾರ ಜಾನ್ ಪೈನ್ ಅದನ್ನು ನೋಡಿಯೇ ಕೆತ್ತನೆಯ ಪ್ರತಿ ಅಚ್ಚು ಹಾಕಿದರು. ಅದನ್ನು ನಿಜವಾಗಿ ಹಾಳು ಮಾಡಿದ್ದು 1830ರ ದಶಕದ ರಿಪೇರಿ! ಒಳ್ಳೆಯದಾಗಲಿ ಅಂತಲೇ ಮಾಡಿದ ಕೆಲಸ ಅದು. ಬರಹ ಬಹುಪಾಲು ಮಾಸಿಹೋಯಿತು. ನಾಲ್ಕರಲ್ಲಿ ಮುದ್ರೆ ಇನ್ನೂ ಅಂಟಿಕೊಂಡಿರುವುದು ಇದೊಂದಕ್ಕೇ. ಅದೂ ಈಗ ಆಕಾರವಿಲ್ಲದ ಮೇಣದ ಮುದ್ದೆ. ಅದರ ಚಿತ್ರ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕೊನೆಗೆ 2014ರಲ್ಲಿ ನೇರಳಾತೀತ, ಅವಗೆಂಪು ಬೆಳಕಿನಲ್ಲಿ ಫೋಟೊ ತೆಗೆದಾಗ ಕಳೆದುಹೋಯಿತು ಅಂದುಕೊಂಡಿದ್ದ ಸಾಲುಗಳು ಮತ್ತೆ ಕಾಣಿಸಿದವು.

ಇನ್ನು, 800 ವರ್ಷ ಹೇಗೆ ಉಳಿಯಿತು ಅಂದಿರಿ. ನನ್ನ ಪ್ರಕಾರ ಅದನ್ನು ಉಳಿಸಿದ್ದು ಕಪಾಟಿಗಿಂತ ಹೆಚ್ಚಾಗಿ ನಕಲು. ಕೊಟ್ಟ ಹತ್ತೇ ವಾರದಲ್ಲಿ ಪೋಪ್ ಮೂರನೇ ಇನೊಸೆಂಟ್ ಅದನ್ನು ರದ್ದು ಮಾಡಿದ್ದರು. ಆದರೂ 1216, 1217, 1225ರಲ್ಲಿ ಅದನ್ನು ತಿದ್ದಿ ಮತ್ತೆ ಮತ್ತೆ ಹೊರಡಿಸಿದರು, ಊರೂರಿಗೆ ಪ್ರತಿ ಕಳಿಸಿದರು. 1297ರಲ್ಲಿ ಅದು ಕಾನೂನಿನ ಪುಸ್ತಕಕ್ಕೇ ಸೇರಿತು. ಒಂದೇ ಪ್ರತಿ ಇದ್ದು ಅದು 1731ರಲ್ಲಿ ಬೆಂಕಿ ಬಿದ್ದ ಮನೆಯಲ್ಲೇ ಇದ್ದಿದ್ದರೆ? ಲಿಂಕನ್ ಪ್ರತಿಯಂತೂ 1939ರಲ್ಲಿ ನ್ಯೂಯಾರ್ಕಿನ ಮೇಳಕ್ಕೆ ಹೋಗಿ, ಯುದ್ಧ ಶುರುವಾಗಿ ಅಲ್ಲೇ ಉಳಿಯಿತು. ಅಮೆರಿಕದವರು ಚಿನ್ನ ಇಡುವ ಫೋರ್ಟ್ ನಾಕ್ಸ್‌ನಲ್ಲೂ ಕೆಲಕಾಲ ಇದ್ದು 1946ರಲ್ಲಿ ಮನೆ ಸೇರಿತು.

ನೀವು ಕಾನೂನು ಓದುವವರು, ಅದಕ್ಕೇ ಒಂದು ಮಾತು. 1297ರ ಆವೃತ್ತಿಯ 29ನೇ ಕಲಮು ಇಂಗ್ಲೆಂಡಿನಲ್ಲಿ ಇವತ್ತಿಗೂ ಜಾರಿಯಲ್ಲಿದೆ. ನಾಡಿನ ಕಾನೂನಿನ ಪ್ರಕಾರವಲ್ಲದೆ ಸ್ವತಂತ್ರ ಮನುಷ್ಯನನ್ನು ಹಿಡಿದಿಡಬಾರದು, ನ್ಯಾಯವನ್ನು ಯಾರಿಗೂ ಮಾರಬಾರದು, ತಡಮಾಡಬಾರದು ಎನ್ನುತ್ತದೆ ಅದು. ಪಕ್ಕದಲ್ಲಿ ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ನಮ್ಮ ಸಂವಿಧಾನದ 21ನೇ ವಿಧಿ ಇಟ್ಟುಕೊಂಡು ಓದಿ ನೋಡಿ.